ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಭಾಷಾಂತರಕಾರರು, ದುಭಾಷಿಗಳು: ನೇಮಕ ಮತ್ತು ಉಳಿಕೆ

ವಿಶ್ವಸಂಸ್ಥೆ, ಐರೋಪ್ಯ ಒಕ್ಕೂಟ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಮೊದಲಾದ ಕಡೆ ದಾಖಲೆಗಳನ್ನು ಬೇರೆ ಭಾಷೆಗೆ ತರುವ ಭಾಷಾಂತರಕಾರರನ್ನೂ, ಸಭೆಯಲ್ಲಿ ಆಡಿದ ಮಾತನ್ನು ಆಗಿಂದಾಗಲೇ ಬೇರೆ ಭಾಷೆಯಲ್ಲಿ ಹೇಳುವ ದುಭಾಷಿಗಳನ್ನೂ ಆರಿಸಿ ಕೆಲಸದಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ. ಇಲ್ಲಿನ ಮುಖ್ಯ ತೊಂದರೆ ಸಂಬಳದ್ದಲ್ಲ. ಈ ಮಟ್ಟದ ಕೆಲಸಗಾರ ತಯಾರಾಗಲು ಹಲವು ವರ್ಷ ಬೇಕು, ತಯಾರು ಮಾಡುವ ಶಾಲೆಗಳು ಜಗತ್ತಿನಲ್ಲಿ ಕೆಲವೇ ಇವೆ. ಪರೀಕ್ಷೆಯೊಂದನ್ನೇ ನಂಬಿಕೊಂಡ ಸಂಸ್ಥೆಗಳಿಗೆ ಕುರ್ಚಿ ತುಂಬುವುದು ಕಷ್ಟವಾಗಿದೆ. ಶಾಲೆಗಳ ಜೊತೆ ಕೈಜೋಡಿಸಿದವು ಹೇಗೋ ನಿಭಾಯಿಸಿಕೊಂಡು ಬಂದಿವೆ.

1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲೂ ಅದರ ಬೆನ್ನಿಗೆ ಹುಟ್ಟಿದ ಲೀಗ್ ಆಫ್ ನೇಷನ್ಸ್‌ನಲ್ಲೂ ವ್ಯವಹಾರ ನಡೆದದ್ದು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ. ಭಾಷಣ ಮುಗಿದ ಮೇಲೆ ದುಭಾಷಿ ಎದ್ದು, ಬರೆದುಕೊಂಡ ಟಿಪ್ಪಣಿ ನೋಡುತ್ತ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಿದ್ದ. ಪ್ಯಾರಿಸ್‌ನಲ್ಲಿ ಈ ಕೆಲಸಕ್ಕೆ ಹೆಸರಾದ ಪಾಲ್ ಮಾಂಟು ಮೂಲತಃ ಇತಿಹಾಸಕಾರ. ಎರಡು ಭಾಷೆಯಲ್ಲಿ ಬೆಳೆದ ವಿದ್ವಾಂಸರೂ ಸೇನಾಧಿಕಾರಿಗಳೂ ಸಿಗುತ್ತಿದ್ದಷ್ಟು ಕಾಲ ನೇಮಕ ದೊಡ್ಡ ವಿಷಯವೇ ಆಗಿರಲಿಲ್ಲ.

ಅದು ವಿಷಯವಾದದ್ದು ನ್ಯೂರೆಂಬರ್ಗ್‌ನಲ್ಲಿ. 1945ರ ನವೆಂಬರ್ 20ರಂದು ಶುರುವಾದ ನಾತ್ಸಿ ನಾಯಕರ ವಿಚಾರಣೆ ಇಂಗ್ಲಿಷ್, ಫ್ರೆಂಚ್, ರಷ್ಯನ್, ಜರ್ಮನ್ ಭಾಷೆಗಳಲ್ಲಿ ನಡೆಯಬೇಕಿತ್ತು. ಪ್ರತಿ ಮಾತನ್ನೂ ಮೂರು ಸಲ ತಿರುಗಿ ಹೇಳಿಸಿದ್ದರೆ ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತಿತ್ತು. ಅಮೆರಿಕದ ಸೈನ್ಯದಲ್ಲಿದ್ದ ಫ್ರೆಂಚ್ ಮೂಲದ ಕರ್ನಲ್ ಲಿಯೋನ್ ದೊಸ್ತೇರ್ ಐಬಿಎಂ ಕಂಪನಿಯ ಹೆಡ್‌ಫೋನ್, ಮೈಕುಗಳನ್ನು ತರಿಸಿ, ಕೇಳುತ್ತಿರುವಾಗಲೇ ಹೇಳುವ ಏಕಕಾಲಿಕ ಭಾಷಾಂತರವನ್ನು ಅಲ್ಲಿ ನೆಲೆಗೊಳಿಸಿದ. ತಲಾ 12 ಜನರ ಮೂರು ತಂಡ. ಭಾಷಣಕಾರ ವೇಗ ಹೆಚ್ಚಿಸಿದರೆ ಹಳದಿ ದೀಪ, ನಿಲ್ಲಿಸಲೇಬೇಕಾದರೆ ಕೆಂಪು ದೀಪ. ಭಾಷೆಗಳನ್ನು ಚೆನ್ನಾಗಿ ಬಲ್ಲವರೂ ಇಲ್ಲಿನ ಆಯ್ಕೆಯಲ್ಲಿ ಉದುರಿಹೋದರು, ಏಕೆಂದರೆ ಕಿವಿ ಒಂದು ಭಾಷೆಯಲ್ಲಿರುವಾಗ ಬಾಯಿ ಇನ್ನೊಂದರಲ್ಲಿರುವುದು ಪಾಂಡಿತ್ಯದಿಂದ ಬರುವ ವಿದ್ಯೆಯಲ್ಲ. ದೊಸ್ತೇರ್ ಇದೇ ಪದ್ಧತಿಯನ್ನು ವಿಶ್ವಸಂಸ್ಥೆಗೂ ತಂದ. 1947ರ ನವೆಂಬರ್‌ನಲ್ಲಿ ಮಹಾಸಭೆ ಅದನ್ನು ಕಾಯಂ ಸೇವೆಯಾಗಿ ಒಪ್ಪಿಕೊಂಡಿತು.

ಆಯ್ಕೆಯ ಕ್ರಮ

ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರೇಬಿಕ್, ಇಂಗ್ಲಿಷ್, ಚೀನೀ, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಅರೇಬಿಕ್ ಮಹಾಸಭೆಯನ್ನು ಸೇರಿದ್ದು 1973ರಲ್ಲಿ. ನ್ಯೂಯಾರ್ಕ್, ಜಿನೀವಾ, ವಿಯೆನ್ನಾ, ನೈರೋಬಿಗಳಲ್ಲಿ ಭಾಷಾ ಸಿಬ್ಬಂದಿ ಇದ್ದಾರೆ. ಭರ್ತಿ ನಡೆಯುವುದು ಭಾಷಾ ಹುದ್ದೆಗಳಿಗೆಂದೇ ಇರುವ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ. ಆರರಲ್ಲಿ ಒಂದು ಅಭ್ಯರ್ಥಿಯ ಮುಖ್ಯ ಭಾಷೆಯಾಗಿರಬೇಕು. ಸಾಮಾನ್ಯವಾಗಿ ಇನ್ನೆರಡರಿಂದ ಅದಕ್ಕೆ ಭಾಷಾಂತರಿಸುವ ಶಕ್ತಿ ಬೇಕು. ಪಾಸಾದವರಿಗೆ ಕೂಡಲೇ ನೇಮಕಪತ್ರ ಸಿಗುವುದಿಲ್ಲ. ಹೆಸರು ಕಾಯುವ ಪಟ್ಟಿಗೆ ಹೋಗುತ್ತದೆ, ಹುದ್ದೆ ಖಾಲಿಯಾದಾಗ ಕರೆ ಬರುತ್ತದೆ. ಅಷ್ಟರಲ್ಲಿ ಚುರುಕಾದವರು ಬೇರೆಡೆ ನೆಲೆಯೂರಿರುತ್ತಾರೆ. ಪರೀಕ್ಷೆಯ ಕಟ್ಟುನಿಟ್ಟನ್ನು ಯಾರೂ ದೂರುವುದಿಲ್ಲ, ದೂರುವುದು ಈ ಕಾಯುವಿಕೆಯನ್ನು.

ಸಭಾಂಗಣದ ಪಕ್ಕದ ಗಾಜಿನ ಕೋಣೆಯನ್ನು ನೋಡಿದರೆ ಪರೀಕ್ಷೆ ಏಕೆ ಅಷ್ಟು ಬಿಗಿ ಎಂದು ಗೊತ್ತಾಗುತ್ತದೆ. ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್ ಕೋಣೆಗಳಲ್ಲಿ ಇಬ್ಬಿಬ್ಬರು. ಅರೇಬಿಕ್, ಚೀನೀ ಕೋಣೆಗಳಲ್ಲಿ ಮೂವರು, ಏಕೆಂದರೆ ಅವರು ತಮ್ಮ ಭಾಷೆಗೂ ತಮ್ಮ ಭಾಷೆಯಿಂದ ಇಂಗ್ಲಿಷ್ ಅಥವಾ ಫ್ರೆಂಚಿಗೂ, ಎರಡೂ ದಿಕ್ಕಿನಲ್ಲಿ ಹೇಳಬೇಕು. ಒಂದು ಸಭೆಗೆ ಒಟ್ಟು 14 ಜನ. 20ರಿಂದ 30 ನಿಮಿಷಕ್ಕೊಮ್ಮೆ ಮೈಕು ಕೈ ಬದಲಾಯಿಸುತ್ತದೆ. ಸರದಿ ಇಲ್ಲದವನೂ ಸುಮ್ಮನೆ ಕೂರುವುದಿಲ್ಲ: ಭಾಷಣದಲ್ಲಿ ಬಂದ ಅಂಕಿ, ಠರಾವಿನ ಸಂಖ್ಯೆ, ಬಾಯಿಗೆ ಸಿಗದ ಹೆಸರುಗಳನ್ನು ಕಾಗದದ ಮೇಲೆ ಬರೆದು ಜೊತೆಯವನ ಕಣ್ಣಿಗೆ ಬೀಳುವಂತೆ ಸರಿಸುತ್ತಾನೆ. ಬರೆದು ತಂದ ಭಾಷಣವನ್ನು ಉಸಿರು ಬಿಡದೆ ಓದುವ ರಾಜತಾಂತ್ರಿಕರೆಂದರೆ ಈ ಕೋಣೆಗಳಿಗೆ ಭಯ. ಭಾಷಾಂತರಕಾರನ ಒತ್ತಡ ಬೇರೆ ಬಗೆಯದು. 330 ಪದಗಳ ಪುಟವೊಂದರಂತೆ ದಿನಕ್ಕೆ ಐದು ಪುಟ ಎಂಬುದು ಬಹುಕಾಲ ನಡೆದುಬಂದ ಲೆಕ್ಕ. ಬರೆದದ್ದನ್ನು ಹಿರಿಯ ಪರಿಷ್ಕಾರಕ ತಿದ್ದುತ್ತಾನೆ, ಕಿರಿಯ ಕಲಿಯುವುದು ಆ ತಿದ್ದುಪಡಿಯಿಂದ.

ಶಾಲೆಗಳು

ಜಿನೀವಾದಲ್ಲಿ ದುಭಾಷಿಗಳ ಶಾಲೆ ತೆರೆದದ್ದು 1941ರಲ್ಲಿ, ಯುದ್ಧದ ನಡುವೆ. 1962ರಲ್ಲಿ ಮಾಸ್ಕೋದ ವಿದೇಶೀ ಭಾಷಾ ಸಂಸ್ಥೆಯಲ್ಲೂ 1979ರಲ್ಲಿ ಬೀಜಿಂಗ್‌ನಲ್ಲೂ ವಿಶ್ವಸಂಸ್ಥೆಗೆಂದೇ ಭಾಷಾಂತರಕಾರರನ್ನು ತಯಾರು ಮಾಡುವ ತರಗತಿಗಳು ಶುರುವಾದವು. ಅಲ್ಲಿಂದ ಬಂದವರು ಮಟ್ಟದಲ್ಲಿ ಕಡಿಮೆಯಿರಲಿಲ್ಲ. ಆದರೆ ಸೋವಿಯತ್ ನೌಕರರು ಸರ್ಕಾರದ ಎರವಲು ಸೇವೆಯ ಮೇಲೆ, ನಿಗದಿತ ಅವಧಿಗೆ ಬರುತ್ತಿದ್ದರು. ಅವಧಿ ಮುಗಿದರೆ ಊರಿಗೆ ಮರಳಬೇಕು. ಕೆಲಸ ಕೈಗೆ ಹತ್ತುವ ಹೊತ್ತಿಗೆ ಜಾಗ ಖಾಲಿ. ಭರ್ತಿ ಸುಲಭವಿದ್ದರೂ ಉಳಿಕೆ ಸೋತದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

2000ದ ದಶಕದಲ್ಲಿ ಹಳೆಯ ತಲೆಮಾರು ಸಾಲುಸಾಲಾಗಿ ನಿವೃತ್ತಿಯಾಗುತ್ತದೆಂದು ಕಂಡಾಗ ವಿಶ್ವಸಂಸ್ಥೆ ಹಲವು ವಿಶ್ವವಿದ್ಯಾಲಯಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಆಫ್ರಿಕದಲ್ಲಿ ನೈರೋಬಿ, ಘಾನಾ, ಕ್ಯಾಮರೂನಿನ ಬುಯೆಯಾ ಮೊದಲಾದ ವಿಶ್ವವಿದ್ಯಾಲಯಗಳು ಸೇರಿ ಸ್ನಾತಕೋತ್ತರ ಕೋರ್ಸುಗಳ ಒಕ್ಕೂಟ ಕಟ್ಟಿಕೊಂಡವು. 2018ರಿಂದ ಎಲ್ಲ ನೌಕರರ ಕಡ್ಡಾಯ ನಿವೃತ್ತಿಯ ವಯಸ್ಸು 65 ಆದದ್ದರಿಂದ ಸ್ವಲ್ಪ ಕಾಲಾವಕಾಶವೂ ದೊರಕಿತು.

ಐರೋಪ್ಯ ಒಕ್ಕೂಟದ ಲೆಕ್ಕವೇ ಬೇರೆ. 24 ಅಧಿಕೃತ ಭಾಷೆ ಎಂದರೆ 552 ಜೋಡಿ. ಎಸ್ಟೋನಿಯನ್‌ನಿಂದ ನೇರವಾಗಿ ಮಾಲ್ಟೀಸಿಗೆ ಹೇಳಬಲ್ಲವರನ್ನು ಹುಡುಕುವ ಬದಲು ನಡುವೆ ಇಂಗ್ಲಿಷ್, ಫ್ರೆಂಚ್ ಅಥವಾ ಜರ್ಮನ್ ಕೋಣೆಯ ಮಾತನ್ನು ಆಧರಿಸಿ ಹೇಳುವ ಪದ್ಧತಿ ಬಳಕೆಯಲ್ಲಿದೆ. ಹಾಗಿದ್ದೂ ಜನ ಸಾಲಲಿಲ್ಲ. 2004ರಲ್ಲಿ ಮಾಲ್ಟಾ ಸೇರಿದಾಗ ಸಾಕಷ್ಟು ಭಾಷಾಂತರಕಾರರು ಸಿಗದೆ, ಎಲ್ಲ ಕಾನೂನುಗಳನ್ನೂ ಮಾಲ್ಟೀಸಿನಲ್ಲಿ ಪ್ರಕಟಿಸುವ ಹೊಣೆಯಿಂದ ಮೂರು ವರ್ಷ ವಿನಾಯಿತಿ ಪಡೆಯಬೇಕಾಯಿತು. ಐರಿಷ್ 2007ರ ಜನವರಿ 1ರಂದು ಅಧಿಕೃತ ಭಾಷೆಯಾಯಿತು, ಆದರೆ ಅದರ ವಿನಾಯಿತಿ ಪೂರ್ತಿ ತೆರವಾದದ್ದು 2022ರ ಜನವರಿ 1ಕ್ಕೆ. ಅಧಿಕೃತ ಸ್ಥಾನ ಒಂದು ನಿರ್ಣಯದಿಂದ ಸಿಕ್ಕಿತು. ಜನ ಸಿಗಲು ಹದಿನೈದು ವರ್ಷ ಹಿಡಿಯಿತು.

ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಶಾಲೆಯೇ ಇಲ್ಲದ ಭಾಷೆಗಳು ಎದುರಾದವು. ಆರೋಪಿಗೆ ಪೂರ್ತಿ ತಿಳಿಯುವ ಭಾಷೆಯಲ್ಲಿ ದುಭಾಷಿಯ ನೆರವು ಕೊಡಬೇಕೆಂದು ಅದರ ಶಾಸನವೇ ಹೇಳುತ್ತದೆ. ಉಗಾಂಡಾದ ಪ್ರಕರಣಕ್ಕೆ ಅಚೋಲಿ, ಕಾಂಗೋದ್ದಕ್ಕೆ ಲಿಂಗಾಲಾ, ಡಾರ್ಫುರ್‌ನದಕ್ಕೆ ಜಘಾವಾ. ಜಘಾವಾದಲ್ಲಿ ಬರಹದ ಬಳಕೆಯೇ ತೀರ ಕಡಿಮೆ, ಕೋರ್ಟಿನ ಪರಿಭಾಷೆಯಂತೂ ಇಲ್ಲ. ಆ ಭಾಷೆ ಆಡುವವರನ್ನು ಹುಡುಕಿ, ನ್ಯಾಯಾಲಯವೇ ತರಬೇತಿ ಕೊಟ್ಟು ದುಭಾಷಿಗಳನ್ನಾಗಿ ಮಾಡಬೇಕಾಯಿತು. ಚಿಕ್ಕ ಸಮುದಾಯಗಳಲ್ಲಿ ಸಾಕ್ಷಿಯೂ ದುಭಾಷಿಯೂ ಪರಿಚಿತರಾಗಿರಬಹುದು. ಹಾಗಾಗಿ ನಿಷ್ಪಕ್ಷತೆಯನ್ನೂ ಸುರಕ್ಷತೆಯನ್ನೂ ಪರಿಶೀಲಿಸದೆ ನೇಮಕವಿಲ್ಲ. ಇದಲ್ಲದೆ, ಕೊಲೆ, ಅತ್ಯಾಚಾರದ ವಿವರಗಳನ್ನು ದಿನವಿಡೀ ‘ನಾನು’ ಎಂಬ ಉತ್ತಮ ಪುರುಷದಲ್ಲೇ ಹೇಳಬೇಕಾದ ಮಾನಸಿಕ ಭಾರ ಒಂದಿದೆ. ಕೆಲಸ ಬಿಡಲು ಅದೇ ಸಾಕಾಗಬಹುದು.

ಉಳಿಕೆ

ವಿಶ್ವಸಂಸ್ಥೆಯ ದುಭಾಷಿಗೆ ವಾರಕ್ಕೆ ಹೆಚ್ಚೆಂದರೆ ಮೂರು ತಾಸಿನ ಏಳು ಸಭೆ. ಹೊರಗಿನವರಿಗೆ ಕಡಿಮೆಯೆನಿಸಿದರೂ ಓದಿಕೊಂಡು ತಯಾರಾಗುವ ಹೊತ್ತು ಇದರಲ್ಲಿ ಸೇರಿಲ್ಲ. ಬಡ್ತಿಯ ಮೆಟ್ಟಿಲುಗಳು ಬೇಗ ಮುಗಿಯುತ್ತವೆ. ಒಳ್ಳೆಯ ಹೆಸರಿದ್ದವರು ಬಿಡಿ ದುಭಾಷಿಗಳಾಗಿ ದಿನಗೂಲಿಯ ಮೇಲೆ ಇವತ್ತು ಜಿನೀವಾ, ನಾಳೆ ಬ್ರಸೆಲ್ಸ್ ಎಂದು ಓಡಾಡುವುದನ್ನೇ ಇಷ್ಟಪಡುವುದುಂಟು. 1953ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಸಮ್ಮೇಳನ ದುಭಾಷಿಗಳ ಅಂತರರಾಷ್ಟ್ರೀಯ ಸಂಘ ಇಂಥವರ ಕೂಲಿ, ವಿರಾಮ, ಪ್ರಯಾಣದ ಷರತ್ತುಗಳನ್ನು ಸಂಸ್ಥೆಗಳ ಜೊತೆ ಚೌಕಾಸಿ ಮಾಡುತ್ತದೆ. ನೈರೋಬಿಯಲ್ಲಿ ಭಾಷಾ ಹುದ್ದೆಗಳು ಖಾಲಿ ಬೀಳುವ ಸಂಗತಿ ಮಹಾಸಭೆಯ ಠರಾವುಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಕೋವಿಡ್ ಕಾಲದಲ್ಲಿ ಭಾಷಣಕಾರರು ಮನೆಯ ಲ್ಯಾಪ್‌ಟಾಪಿನಿಂದ ಮಾತಾಡತೊಡಗಿದ ಮೇಲೆ ಕಿವಿನೋವು, ತಲೆನೋವು, ದಣಿವಿನ ದೂರುಗಳು ಹೆಚ್ಚಿದವು. 2022ರ ಬೇಸಿಗೆಯಲ್ಲಿ ಐರೋಪ್ಯ ಸಂಸತ್ತಿನ ದುಭಾಷಿಗಳು, ಆನ್‌ಲೈನಿನಲ್ಲಿ ಬಂದ ಕಳಪೆ ಧ್ವನಿಯನ್ನು ಭಾಷಾಂತರಿಸಲು ನಿರಾಕರಿಸಿ ಮುಷ್ಕರ ಹೂಡಿದರು. ಭಾಷಾಂತರ ವಿಭಾಗದಲ್ಲಿ ಚಿಂತೆ ಯಂತ್ರಾನುವಾದದ್ದು. ವಿಶ್ವಸಂಸ್ಥೆಗೆ ಇಲೂನಾ ಎಂಬ ಸ್ವಂತ ತಂತ್ರಾಂಶವಿದೆ; ಹಳೆಯ ದಾಖಲೆಗಳಲ್ಲಿ ಆಗಲೇ ಭಾಷಾಂತರಗೊಂಡ ವಾಕ್ಯಗಳನ್ನು ಅದು ಎತ್ತಿ ಕೊಡುತ್ತದೆ. ಇದರಿಂದ ಶ್ರಮ ಉಳಿಯುತ್ತದೆ, ನಿಜ. ಆದರೆ ಕಿರಿಯರು ಕೈ ಪಳಗಿಸಿಕೊಳ್ಳುತ್ತಿದ್ದ ಸಾದಾ ದಾಖಲೆಗಳು ಯಂತ್ರಕ್ಕೂ ಹೊರಗುತ್ತಿಗೆಗೂ ಹೋದರೆ ನಾಳಿನ ಪರಿಷ್ಕಾರಕರು ಎಲ್ಲಿಂದ ಬರಬೇಕೆಂಬುದಕ್ಕೆ ಆಡಳಿತಗಾರರ ಬಳಿ ಒಪ್ಪುವಂಥ ಉತ್ತರವಿಲ್ಲ.

ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಭಾರತೀಯ ಭಾಷೆ ಯಾವುದೂ ಇಲ್ಲ. ಮಹಾಸಭೆಯಲ್ಲಿ ಬೇರೆ ಭಾಷೆಯಲ್ಲಿ ಮಾತಾಡಬಯಸುವ ದೇಶ ಅಧಿಕೃತ ಭಾಷೆಯೊಂದಕ್ಕೆ ಭಾಷಾಂತರದ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳಬೇಕು. 1977ರಲ್ಲಿ ವಿದೇಶಾಂಗ ಸಚಿವರಾಗಿದ್ದ ಅಟಲ ಬಿಹಾರಿ ವಾಜಪೇಯಿ ಅಲ್ಲಿ ಹಿಂದಿಯಲ್ಲಿ ಮಾತಾಡಿದ್ದು ಈ ನಿಯಮದ ಆಸರೆಯಲ್ಲಿ. ಕನ್ನಡಿಗರೊಬ್ಬರು ವಿಶ್ವಸಂಸ್ಥೆಯ ಭಾಷಾ ಹುದ್ದೆಗೆ ಬರಬೇಕಾದರೆ ಸಾಮಾನ್ಯವಾಗಿ ಇರುವ ದಾರಿ ಇಂಗ್ಲಿಷ್ ವಿಭಾಗದ್ದು. ಅದಕ್ಕೆ ಮಾತೃಭಾಷೆಯ ಮಟ್ಟದ ಇಂಗ್ಲಿಷ್ ಜೊತೆ ಫ್ರೆಂಚ್, ಸ್ಪ್ಯಾನಿಷ್, ರಷ್ಯನ್‌ನಂಥ ಇನ್ನೆರಡು ಭಾಷೆ ಬೇಕು. ಮನೆಯಲ್ಲಿ ಕಲಿತ ಕನ್ನಡ, ತುಳು, ಕೊಂಕಣಿ, ಉರ್ದುಗಳು ಈ ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ.