ಕಾಡಿನಂಚಿನ ಕಾಯಿಲೆ

ನಮ್ಮ ಪ್ರೌಢಶಾಲೆಗೆ 50 ವರ್ಷ ತುಂಬಿದೆ. ಅದಕ್ಕಿಂತ ಹಳೆಯದಾದ ಇನ್ನೊಂದು ಇತಿಹಾಸವೂ ನಮ್ಮ ಸೀಮೆಗಿದೆ. ಅದು ಮಂಗನ ಕಾಯಿಲೆಯದು.

1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗರು ವಿಪರೀತ ಜ್ವರದಿಂದ ಹಾಸಿಗೆ ಹಿಡಿದರು. ಹಳದಿ ಜ್ವರವಿರಬಹುದೆಂಬ ಶಂಕೆ ಮೊದಲು ಮೂಡಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸ ವೈರಾಣು. ಅದನ್ನು ಹರಡುವುದು ಉಣುಗು.

ಈ ವೈರಾಣು ಮೊದಲೇ ಕಾಡಿನ ಸಣ್ಣ ಪ್ರಾಣಿಗಳಲ್ಲಿ ಇದ್ದಿರಬೇಕೆಂದು ವಿಜ್ಞಾನಿಗಳು ಊಹಿಸಿದರು. ಬದಲಾದದ್ದು ಕಾಡು. ಬೊಷೆಲ್ ಎಂಬ ವಿಜ್ಞಾನಿ 1969ರಲ್ಲೇ ಇದನ್ನು ವಿವರಿಸಿದ್ದರು: ಕಾಡು ಕಡಿದು ಗದ್ದೆಯಾದಂತೆ ಅಂಚು ಹೆಚ್ಚಿತು, ಅಂಚಿನಲ್ಲಿ ಪೊದೆ ಬೆಳೆಯಿತು, ಮೇಯಲು ಹೋದ ದನಗಳ ರಕ್ತ ಕುಡಿದು ಉಣುಗು ವೃದ್ಧಿಯಾಯಿತು.

ಹವಾಮಾನದ ಪಾತ್ರವೂ ಇದೆ. ಮಳೆಗಾಲ ಕಳೆದ ಮೇಲೆ ಮರಿ ಉಣುಗು ಏಳುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ನಮ್ಮವರು ತರಗೆಲೆ ಗುಡಿಸಲು ಬೆಟ್ಟಕ್ಕೆ ಹೋಗುವುದೂ ಆಗಲೇ. ಮಳೆ ಏರುಪೇರಾದರೆ ಈ ಲೆಕ್ಕವೂ ಏರುಪೇರಾದೀತು.

2019ರಲ್ಲಿ ಸಾಗರದ ಅರಳಗೋಡು, 2024ರಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕು ನಲುಗಿದವು. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು ಅದನ್ನು 2022ರಲ್ಲಿ ನಿಲ್ಲಿಸಲಾಗಿತ್ತು. ಹಾಗಾಗಿ ಮೈಗೆ ಡೇಪಾ ಎಣ್ಣೆ, ಮೈತುಂಬ ಬಟ್ಟೆ, ಬೆಟ್ಟದಿಂದ ಬಂದೊಡನೆ ಬಿಸಿನೀರ ಸ್ನಾನ ಇವೇ ರಕ್ಷಣೆ.

ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವನು. ಜನವರಿ ಬಂತೆಂದರೆ ಫೋನಿನಲ್ಲಿ ಆಯಿಗೆ ಮೊದಲು ಕೇಳುವುದು ಎಣ್ಣೆಯ ವಿಚಾರವನ್ನೇ. ಊರಿನಲ್ಲಿರುವವರಲ್ಲಿ ನನ್ನದೊಂದು ವಿನಂತಿ: ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಳಿದಿರುವ ಬೆಟ್ಟವನ್ನು ಇನ್ನಷ್ಟು ತುಂಡು ಮಾಡದೆ ಉಳಿಸೋಣ.