ಮೊಹೀನನ ಕುದುರೆಗಳು

ನಾನು ಶಾಲೆಯಲ್ಲಿದ್ದಾಗ ಪ್ರವಾಸದ ಬಸ್ಸಿನಲ್ಲಿ ಒಂದು ಹಿಂದಿ ಹಾಡನ್ನು ಎಲ್ಲರೂ ಸೇರಿ ಕಿರುಚಿ ಹಾಡಿದ್ದು ನೆನಪಿದೆ. 2006ರ ‘ಗ್ಯಾಂಗ್‌ಸ್ಟರ್’ ಸಿನಿಮಾದ ಹಾಡದು. ಸಂಗೀತ ಪ್ರೀತಮ್ ಅವರದು, ಹಾಡಿದವರು ಬಾಂಗ್ಲಾದೇಶದ ರಾಕ್ ಗಾಯಕ ಜೇಮ್ಸ್. ಮಳೆ, ರಾತ್ರಿ, ವಿರಹ: ನಮಗೆ ಅರ್ಥವಾದದ್ದು ಇಷ್ಟೇ. ಆ ಧಾಟಿ ಮೂಲದಲ್ಲಿ ವಿರಹದ್ದಾಗಿರಲೇ ಇಲ್ಲ ಎಂದು ತಿಳಿಯಲು ನಾನು ಪಿಎಚ್.ಡಿ.ಗೆ ಸೇರಬೇಕಾಯಿತು. ಮೂಲ ಬಂಗಾಳಿ ಹಾಡು 1995ರಲ್ಲಿ ಧ್ವನಿಮುದ್ರಣವಾಗಿ ಬಂದಿತ್ತು. ಜಗತ್ತು ಕುಗ್ಗುತ್ತಾ ಕುಗ್ಗುತ್ತಾ ಟಿವಿ ಪೆಟ್ಟಿಗೆಯೊಳಗೆ ಸೇರಿಕೊಂಡಿದೆ, ಮನೆಯೊಳಗೆ ಕೂತ ಮನುಷ್ಯರು ಮಾತ್ರ ಒಬ್ಬರಿಂದೊಬ್ಬರು ದೂರವಾಗಿದ್ದಾರೆ ಎಂಬುದು ಅದರ ಕೊರಗು. ಕೇಬಲ್ ಟಿವಿ ಹೊಸದಾಗಿ ಮನೆಮನೆಗೆ ಬರುತ್ತಿದ್ದ ಕಾಲದ ಹಾಡು.

ಅದನ್ನು ಕಟ್ಟಿದವರು ಗೌತಮ್ ಚಟ್ಟೋಪಾಧ್ಯಾಯ. ಕಲ್ಕತ್ತೆಯಲ್ಲಿ 1975ರಿಂದ 1981ರವರೆಗೆ, ಬರೀ ಆರು ವರ್ಷ ಬದುಕಿದ ‘ಮೊಹೀನೇರ್ ಘೋಡಾಗುಲಿ’ ಎಂಬ ತಂಡದ ಮುಂದಾಳು. ಹೆಸರಿನ ಅರ್ಥ ‘ಮೊಹೀನನ ಕುದುರೆಗಳು’. ಕವಿ ಜೀವನಾನಂದ ದಾಸರ 1948ರ ಸಂಕಲನದಲ್ಲಿರುವ ಒಂದು ಕವಿತೆಯಿಂದ ಎತ್ತಿಕೊಂಡದ್ದು.

ಗೌತಮ್ ಮೊದಲು ಪಾರ್ಕ್ ಸ್ಟ್ರೀಟಿನಲ್ಲಿ ಗಿಟಾರ್ ನುಡಿಸುತ್ತಿದ್ದವರು. ಟ್ರಿಂಕಾಸ್‌ನಂಥ ಹೋಟೆಲುಗಳಿದ್ದ ಬೀದಿ ಅದು. ಉಷಾ ಉತ್ತುಪ್ ಹೆಸರು ಮಾಡಿದ್ದೂ ಅಲ್ಲಿಯೇ. ಅಲ್ಲಿನ ಬ್ಯಾಂಡುಗಳು ಹೆಚ್ಚಾಗಿ ಇಂಗ್ಲಿಷ್ ಹಾಡುಗಳನ್ನೇ ನುಡಿಸುತ್ತಿದ್ದವು. ಹೊರಗಿನ ರಸ್ತೆಗಳಲ್ಲಿ ನಕ್ಸಲ್ ಚಳವಳಿ, ಪೊಲೀಸರು, ಕಾಣೆಯಾದ ಹುಡುಗರು. ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಗೌತಮ್ ಆ ಚಳವಳಿಗೆ ಇಳಿದರು, ಜೈಲು ಸೇರಿದರು. ಪಶ್ಚಿಮ ಬಂಗಾಳದಲ್ಲಿ ಇರಕೂಡದು ಎಂಬ ಷರತ್ತಿನ ಮೇಲೆ ಬಿಡುಗಡೆಯಾಗಿ, ಭೋಪಾಲ್ ಮತ್ತು ಜಬಲ್ಪುರದಲ್ಲಿ ಔಷಧ ಕಂಪನಿಯ ರೆಪ್ರೆಸೆಂಟೇಟಿವ್ ಆಗಿ ದುಡಿದರು. ಊರಿಗೆ ಮರಳಿದ ಮೇಲೆ ಕಟ್ಟಿದ್ದು ಈ ತಂಡ.

ಏಳು ಜನ. ಗೌತಮ್, ತಮ್ಮಂದಿರಾದ ಬಿಶ್ವನಾಥ್ ಮತ್ತು ಪ್ರದೀಪ್, ದಾಯಾದಿ ರಂಜನ್ ಘೋಷಾಲ್, ಗೆಳೆಯರಾದ ತಾಪಸ್ ದಾಸ್, ತಪೇಶ್ ಬಂದ್ಯೋಪಾಧ್ಯಾಯ, ಅಬ್ರಹಾಂ ಮಜುಮ್ದಾರ್. ಏಳು ಜನರೆಂದು ಮೊದಲು ಇಟ್ಟುಕೊಂಡ ಹೆಸರು ‘ಸಪ್ತರ್ಷಿ’. ಒಮ್ಮೆ ‘ಗೌತಮ್ ಚಟ್ಟೋಪಾಧ್ಯಾಯ ಬಿ.ಎಸ್ಸಿ. ಮತ್ತು ಸಂಪ್ರದಾಯ’ ಎಂಬ ತಮಾಷೆಯ ಹೆಸರೂ ಇತ್ತು! ಗಿಟಾರು, ಡ್ರಮ್ಮುಗಳ ಜೊತೆಗೆ ಗೌತಮರ ಸ್ಯಾಕ್ಸೋಫೋನ್, ಪ್ರದೀಪರ ಕೊಳಲು, ಅಬ್ರಹಾಂ ಅವರ ಪಿಟೀಲು ಮತ್ತು ಪಿಯಾನೋ. ರಂಜನ್ ಘೋಷಾಲ್ ವೇದಿಕೆಯ ಮೇಲೆ ನಿರೂಪಕರಾಗಿದ್ದರು.

ಇವರ ಮೇಲಾದ ಪ್ರಭಾವಗಳನ್ನು ಪಟ್ಟಿ ಮಾಡುವುದು ಸುಲಭ: ಬಾಬ್ ಡೈಲನ್, ಬೀಟಲ್ಸ್, ಜಾಝ್, ಬಾವುಲರು. ಆದರೆ ಪಟ್ಟಿಯಲ್ಲಿ ನಾಲ್ಕನೆಯದು ಉಳಿದ ಮೂರರ ಹಾಗಲ್ಲ. ಮೊದಲ ಮೂರು ಪಾರ್ಕ್ ಸ್ಟ್ರೀಟಿಗೂ ಗೊತ್ತಿದ್ದವೇ. ಬಾವುಲರು ಊರೂರು ತಿರುಗಿ ಏಕತಾರಿ ಹಿಡಿದು ಹಾಡುವವರು. ನಮ್ಮ ತತ್ವಪದಕಾರರ ಹಾಗೆ ದೊಡ್ಡ ಮಾತನ್ನು ಮನೆಮಾತಿನಲ್ಲಿ, ಒಗಟಿನಲ್ಲಿ ಹೇಳುವವರು. ಅವರನ್ನು ಕೇಳಿದ ಮೇಲೆ ಗಿಟಾರಿಗೆ ಇಂಗ್ಲಿಷೇ ಬೇಕು ಎಂಬ ನಂಬಿಕೆ ಉಳಿಯಲಿಲ್ಲ. ಡೈಲನ್ ಅವರಿಗೆ ಕೊಟ್ಟದ್ದು ಧೈರ್ಯ ಇರಬಹುದು. ಬಾಯಿ ಕೊಟ್ಟವರು ಬಾವುಲರು ಎಂದು ನನ್ನ ಅನಿಸಿಕೆ.

1977, 1978, 1979ರಲ್ಲಿ ವರ್ಷಕ್ಕೊಂದರಂತೆ ಮೂರು ರೆಕಾರ್ಡುಗಳು ಬಂದವು. ರವೀಂದ್ರ ಸಂಗೀತ ಮತ್ತು ಇಂಪಾದ ಆಧುನಿಕ ಗೀತೆಗಳಿಗೆ ಒಗ್ಗಿದ್ದ ಕೇಳುಗರಿಗೆ ಇವು ಹಿಡಿಸಲಿಲ್ಲ. ನಮ್ಮಲ್ಲಿ 1978 ಎಂದರೆ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ವರ್ಷ. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ಮನೆಮನೆ ಸೇರಿದವು. ಅದೇ ಹೊತ್ತಿಗೆ ಅಲ್ಲಿ ಕವಿತೆಯೊಂದರ ಹೆಸರಿಟ್ಟುಕೊಂಡವರನ್ನು ಕೇಳುವವರಿರಲಿಲ್ಲ. 1981ರ ಹೊತ್ತಿಗೆ ಹೊಟ್ಟೆಪಾಡು ಎಲ್ಲರನ್ನೂ ಚದುರಿಸಿತು. ಬಿಶ್ವನಾಥ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಗೌತಮ್ ಸಿನಿಮಾಕ್ಕೆ ಹೊರಳಿ, ‘ನಾಗಮತಿ’ಗೆ ರಾಷ್ಟ್ರಪ್ರಶಸ್ತಿ ಪಡೆದರು. ರಂಜನ್ ಘೋಷಾಲ್ ಬಂದದ್ದು ಬೆಂಗಳೂರಿಗೆ.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಅಡಿಟಿಪ್ಪಣಿಯ ಕತೆ. ಆದರೆ 1995ರ ಕಲ್ಕತ್ತಾ ಪುಸ್ತಕ ಮೇಳದಲ್ಲಿ ಗೌತಮ್ ಹೊಸ ಹುಡುಗರನ್ನು ಕೂಡಿಸಿಕೊಂಡು ಒಂದು ಸಂಕಲನ ತಂದರು. ಹೆಸರು ‘ಆಬಾರ್ ಬೊಛೊರ್ ಕುಡಿ ಪರೇ’, ಅಂದರೆ ಮತ್ತೆ ಇಪ್ಪತ್ತು ವರ್ಷದ ನಂತರ. ಇದೂ ಜೀವನಾನಂದರ ನೆನಪೇ. ಈ ಬಾರಿ ಜನ ಕೇಳಿದರು. ಅಷ್ಟರಲ್ಲಿ ಸುಮನ್ ಅವರ 1992ರ ಹಾಡುಗಳು ಕಿವಿಗಳನ್ನು ಹದ ಮಾಡಿದ್ದವು. ಮುಂದೆ ಬಂಗಾಳಿ ಬ್ಯಾಂಡುಗಳ ಸಾಲೇ ಬಂತು. ಗೌತಮ್ 1999ರಲ್ಲಿ ತೀರಿಕೊಂಡರು. ಏಳು ವರ್ಷದ ಮೇಲೆ ಅವರ ಧಾಟಿ ಹಿಂದಿಯಲ್ಲಿ ನಮ್ಮ ಬಸ್ಸಿಗೆ ಬಂತು. ಹಾಡಿದ ಜೇಮ್ಸ್ ಅವರ ಬ್ಯಾಂಡಿನ ಹೆಸರು ‘ನಗರ್ ಬಾವುಲ್’. ಗೌತಮ್ ಹುಡುಕಿದ್ದನ್ನು ಎರಡೇ ಪದಗಳಲ್ಲಿ ಹೇಳಿದಂತಿದೆ!

ಕನ್ನಡದಲ್ಲಿ ರಘು ದೀಕ್ಷಿತ್ 2008ರಲ್ಲಿ ಗಿಟಾರಿನ ಜೊತೆ ಶಿಶುನಾಳ ಷರೀಫರನ್ನು ಹಾಡಿದಾಗ ನಮಗೆ ಹೊಸದೆನಿಸಿತ್ತು. ಅವರು ಕಲ್ಕತ್ತೆಯಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ. ತನ್ನ ಭಾಷೆಯಲ್ಲಿ ರಾಕ್ ಹಾಡಹೊರಟವರಿಗೆ ಎರಡೂ ಕಡೆ ತಿರುಗಾಡಿ ಹಾಡುವ ಸಂತನೇ ಎದುರಾದ ಎಂದಷ್ಟೇ ನನ್ನ ಮಾತು.

ಒಂದು ಸಂಕಟ ಉಳಿದಿದೆ. ಘೋಷಾಲರು ದಶಕಗಳ ಕಾಲ ಬೆಂಗಳೂರಿನಲ್ಲಿ ಜಾಹೀರಾತು, ರಂಗಭೂಮಿ ಎಂದು ಕೆಲಸ ಮಾಡಿ, 2020ರ ಜುಲೈನಲ್ಲಿ ಇಲ್ಲೇ ತೀರಿಕೊಂಡರು. ನಾನು ಇದೇ ಊರಿನಲ್ಲಿ ಓದುತ್ತಿದ್ದೆ. ಆ ಹೊತ್ತಿಗೆ ನನಗೆ ಅವರ ಹೆಸರೂ ಗೊತ್ತಿರಲಿಲ್ಲ. 2023ರಲ್ಲಿ ತಾಪಸ್ ದಾಸ್ ಹೋದರು. ದಾಖಲೆಗಳೆಂದರೆ ಕಪಾಟಿನಲ್ಲಿ ಇರುತ್ತವೆ ಎಂದು ನಮಗೆ ಕಲಿಸುತ್ತಾರೆ. ಅವು ಒಂದು ಸಿಟಿ ಬಸ್ಸಿನ ದೂರದಲ್ಲಿ, ಬಾಗಿಲು ತಟ್ಟಿದರೆ ತೆರೆಯುವ ಮನೆಯಲ್ಲೂ ಇರುತ್ತವೆ. ಈಗ ಅಲ್ಪಾಯುಷಿ ತಂಡವೊಂದರ ಹೆಸರು ಕಿವಿಗೆ ಬಿದ್ದರೆ, ಅದು ಎಷ್ಟು ವರ್ಷ ಬಾಳಿತು ಎಂದು ನಾನು ಮೊದಲು ಕೇಳುವುದಿಲ್ಲ. ಅದರವರು ಯಾರಾದರೂ ಇಲ್ಲೇ ಹತ್ತಿರದಲ್ಲಿ ಇದ್ದಾರೆಯೇ ಎಂದು ಕೇಳುತ್ತೇನೆ.