ಗುರುಶಿಷ್ಯರ ಅಪಚಾರ: ಮಿತಾಕ್ಷರೆಯ ಒಂದು ನಿರ್ಣಯ

ಪ್ರೌಢಶಾಲೆಗಳಲ್ಲಿ ಉಪಾಧ್ಯಾಯರು ಮಿತಿಮೀರಿ ದಂಡಿಸಿದರೆಂದಾಗಲಿ ವಿದ್ಯಾರ್ಥಿಗಳು ಉದ್ಧತರಾಗಿ ವರ್ತಿಸಿದರೆಂದಾಗಲಿ ವಾರ್ತೆ ಬಂದಾಗಲೆಲ್ಲ, ಪೂರ್ವಕಾಲದ ಗುರುಕುಲವನ್ನು ನಿದರ್ಶನವಾಗಿ ತೋರಿಸುವುದು ವಾಡಿಕೆಯಾಗಿದೆ. ಅಲ್ಲಿ ಗುರುವು ಪ್ರಶ್ನಾತೀತನಾಗಿದ್ದನು, ಶಿಷ್ಯನು ಎಲ್ಲವನ್ನೂ ಸಹಿಸುತ್ತಿದ್ದನು, ಆದುದರಿಂದಲೇ ವಿದ್ಯೆಯು ಸಿದ್ಧಿಸುತ್ತಿದ್ದಿತು ಎಂಬುದು ಹಲವರ ಅಭಿಪ್ರಾಯ. ಇದಕ್ಕೆ ಗ್ರಂಥಾಧಾರವುಂಟೇ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ಮೊದಲು ಶಿಷ್ಯರ ಪಕ್ಷ. ಹಿಂದಿನ ಶಿಷ್ಯರೆಲ್ಲರೂ ವಿನೀತರೇ ಆಗಿದ್ದರೆಂಬುದನ್ನು ವೈಯಾಕರಣರು ಒಪ್ಪುವಂತೆ ಕಾಣುವುದಿಲ್ಲ. ಪಾಣಿನಿಯು ನಿಂದಾರ್ಥದಲ್ಲಿ ವಿಧಿಸಿದ ಸಮಾಸಗಳಲ್ಲಿ 'ಖಟ್ವಾರೂಢ' ಎಂಬುದೊಂದು. ಅಧ್ಯಯನವನ್ನು ಮುಗಿಸಿ, ಸ್ನಾನವನ್ನು ಮಾಡಿ, ಗುರುಗಳ ಅನುಜ್ಞೆಯನ್ನು ಪಡೆದ ಬಳಿಕವೇ ಮಂಚವನ್ನೇರತಕ್ಕದ್ದು. ಇದನ್ನು ಮೀರಿದ ವ್ರತಗೇಡಿಗೆ ಈ ಹೆಸರೆಂದು ಕ್ರಿ. ಪೂ. 2ನೆಯ ಶತಮಾನದ ಪತಂಜಲಿಯು ಮಹಾಭಾಷ್ಯದಲ್ಲಿ ವಿವರಿಸಿರುವನು. ಒಬ್ಬ ಗುರುವಿನಲ್ಲಿ ಬಹುಕಾಲ ನಿಲ್ಲದವನು 'ತೀರ್ಥಕಾಕ'. ಅನ್ನದ ಆಸೆಯಿಂದ ಪಾಣಿನೀಯವನ್ನು ಓದುವವನು 'ಓದನಪಾಣಿನೀಯ'. ನಿಂದಾಶಬ್ದಗಳು ಇಷ್ಟು ರೂಢವಾಗಿದ್ದುದರಿಂದ ನಿಂದ್ಯರೂ ವಿರಳರಾಗಿರಲಿಲ್ಲವೆಂದು ಊಹಿಸಬಹುದು. ಉದಾತ್ತಕ್ಕೆ ಬದಲಾಗಿ ಅನುದಾತ್ತವನ್ನು ನುಡಿದವನಿಗೆ ಉಪಾಧ್ಯಾಯನು ಕೆನ್ನೆಗೆ ಹೊಡೆಯುವ ಪ್ರಸಂಗವೂ ಆ ಭಾಷ್ಯದಲ್ಲಿಯೇ ಇದೆ. ತಾಡನವು ಆಗಲೂ ಇದ್ದಿತೆಂಬುದು ಇದರಿಂದ ಸ್ಪಷ್ಟ.

ಆದರೆ ಆ ತಾಡನಕ್ಕೆ ಧರ್ಮಶಾಸ್ತ್ರಕಾರರು ಎಲ್ಲೆಯನ್ನು ಗೊತ್ತುಮಾಡಿದರು. ಹೊಡೆಯದೆ ಶಿಕ್ಷಿಸುವುದೇ ಗೌತಮನ ಮುಖ್ಯವಿಧಿ. ಅದು ಸಾಧ್ಯವಾಗದಿದ್ದರೆ ತೆಳುವಾದ ಹಗ್ಗದಿಂದಲೋ ಬಿದಿರಿನ ಸೀಳಿನಿಂದಲೋ ಹೊಡೆಯಬಹುದು. ಬೇರೊಂದರಿಂದ ಹೊಡೆದ ಗುರುವನ್ನು ರಾಜನು ದಂಡಿಸಬೇಕು. ಬೆನ್ನಿನ ಮೇಲಲ್ಲದೆ ತಲೆಯ ಮೇಲೆ ಎಂದಿಗೂ ಹೊಡೆಯಲಾಗದೆಂದೂ, ಹೊಡೆದವನಿಗೆ ಕಳ್ಳನ ಪಾಪವೆಂದೂ ಮನುವು ಹೇಳುವನು. ಆಪಸ್ತಂಬನು ಇನ್ನೂ ಮುಂದೆ ಹೋಗಿರುವನು. ಆಪತ್ಕಾಲದಲ್ಲಲ್ಲದೆ ಶಿಷ್ಯನ ಓದಿಗೆ ವಿಘ್ನವಾಗುವಂತೆ ಅವನನ್ನು ಸ್ವಂತ ಕೆಲಸಗಳಲ್ಲಿ ತೊಡಗಿಸಲಾಗದು. ಪಾಠವನ್ನು ತಪ್ಪಿಸುವ ಆಚಾರ್ಯನು ಆಚಾರ್ಯನೇ ಅಲ್ಲ. ಆಚಾರ್ಯನು ಪ್ರಮಾದದಿಂದಾಗಲಿ ತಿಳಿದೇ ಆಗಲಿ ನಿಯಮವನ್ನು ಮೀರಿದರೆ ಶಿಷ್ಯನು ಏಕಾಂತದಲ್ಲಿ ಅದನ್ನು ತಿಳಿಯಹೇಳಬೇಕು. ಗುರುವು ಪ್ರಶ್ನಾತೀತನೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನು ಪ್ರಕೃತ ವಿಷಯ. ಗುರುಶಿಷ್ಯ, ಪಿತಾಪುತ್ರ, ದಂಪತಿ, ಸ್ವಾಮಿಭೃತ್ಯ, ಇವರ ಪರಸ್ಪರ ವಿರೋಧದಲ್ಲಿ ವ್ಯವಹಾರವು, ಎಂದರೆ ನ್ಯಾಯಸಭೆಯ ವಿಚಾರಣೆಯು, ಸಿದ್ಧಿಸದೆಂದು ಒಂದು ಸ್ಮೃತಿವಚನವುಂಟು. ಇದನ್ನು ಅಕ್ಷರಶಃ ಹಿಡಿದರೆ ಪೆಟ್ಟುತಿಂದ ಶಿಷ್ಯನಿಗೆ ಗತಿಯಿಲ್ಲ. ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಈ ಅರ್ಥವನ್ನು ಒಪ್ಪಲಿಲ್ಲ. ಆ ವಚನವು ವ್ಯವಹಾರವನ್ನು ಪೂರ್ಣವಾಗಿ ನಿಷೇಧಿಸುವುದಿಲ್ಲವೆಂದು ಹೇಳಿ, ಗೌತಮ ಮನುಗಳನ್ನೇ ಪ್ರಮಾಣವಾಗಿ ತಂದು, ಕೋಪಾವೇಶದಿಂದ ಗುರುವು ದೊಡ್ಡ ದಂಡದಿಂದ ತಲೆಗೆ ಹೊಡೆದರೆ, ಶಿಷ್ಯನು ರಾಜನಿಗೆ ನಿವೇದಿಸಿಕೊಂಡಾಗ ಅದು ವ್ಯವಹಾರಪದವೇ ಆಗುವುದೆಂದು ನಿರ್ಣಯಿಸಿರುವನು. ಗುರುವಿನೊಡನೆ ವ್ಯಾಜ್ಯವು ಶ್ರೇಯಸ್ಕರವಲ್ಲವಾದುದರಿಂದ ಮೊದಲು ರಾಜನೂ ಸಭ್ಯರೂ ಶಿಷ್ಯನನ್ನು ಸಮಾಧಾನಪಡಿಸಬೇಕು. ಅವನು ಬಿಡದೆ ಹಿಡಿದರೆ ವಿಚಾರಣೆ ನಡೆಯಲೇಬೇಕು. ಗೌರವವನ್ನು ಉಳಿಸಿಯೂ ನ್ಯಾಯವನ್ನು ತಡೆಯದ ಮಾರ್ಗವಿದು.

ಇದು ಕೇವಲ ಪಾಂಡಿತ್ಯವಿನೋದವಲ್ಲ. ಅದೇ ಚಾಳುಕ್ಯರಾಜ್ಯದ ನಾಗಾವಿಯ ಘಟಿಕಾಸ್ಥಾನದಲ್ಲಿ ವೇದವನ್ನೋದುವ 200 ಮಂದಿಗೂ ಶಾಸ್ತ್ರವನ್ನೋದುವ 52 ಮಂದಿಗೂ ಏರ್ಪಾಡಾಗಿದ್ದಿತೆಂದು 1058ರ ಶಾಸನದಿಂದ ತಿಳಿದುಬರುವುದು. ಇಷ್ಟು ಜನರು ಕೂಡಿ ಬಾಳುವೆಡೆಯಲ್ಲಿ ಅಪಚಾರದ ಪ್ರಶ್ನೆಯು ಬರಿಯ ಪುಸ್ತಕದ ಮಾತಾಗಿರಲಾರದು.

ಆ ಗ್ರಂಥಗಳು ಮುಖ್ಯವಾಗಿ ದ್ವಿಜಬಾಲಕರನ್ನೇ ಉದ್ದೇಶಿಸಿದವು. ಹಗ್ಗದ ಪೆಟ್ಟನ್ನೂ ಒಪ್ಪಿದವು. ಆದುದರಿಂದ ಅವನ್ನು ಇಂದಿನ ಶಾಲೆಗೆ ವಿಧಿಯಾಗಿ ತರುವಂತಿಲ್ಲ. ಭಾರತದ ಶಿಕ್ಷಣ ಹಕ್ಕು ಕಾಯಿದೆಯು (2009) ತನ್ನ 17ನೆಯ ಪ್ರಕರಣದಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಅದು ಹೇಳುವುದು 6ರಿಂದ 14 ವರ್ಷದವರೆಗಿನ ಮಕ್ಕಳ ವಿಷಯವನ್ನು. ಪ್ರೌಢಶಾಲೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ವಯಸ್ಸನ್ನು ದಾಟಿದವರು. ಇವರ ವಿಷಯದಲ್ಲಿ, ಗುರುವಿಗೆ ಎದುರಾಡುವುದು ನಮ್ಮ ಸಂಪ್ರದಾಯವಲ್ಲವೆಂದು ಹೇಳಿ ದೂರನ್ನು ಮುಚ್ಚುವವರು ಮಿತಾಕ್ಷರೆಯನ್ನು ಒಮ್ಮೆ ತೆರೆದು ನೋಡಬೇಕು. ಶಿಷ್ಯನ ದೂರನ್ನು ಕೇಳುವುದೂ ನಮ್ಮ ಸಂಪ್ರದಾಯವೇ; ಅದನ್ನು ಸುಮಾರು ಒಂಬತ್ತು ಶತಮಾನಗಳ ಹಿಂದೆ ಕನ್ನಡನಾಡಿನಲ್ಲಿಯೇ ನಿರ್ಣಯಿಸಿ ಬರೆದಿಟ್ಟಿದೆ.